ಬಾಲ ಕತ್ತರಿಸಿದ ಲಾರಿ

ಜನವರಿ ಹದಿಮೂರು, ಮಂಗಳವಾರ, ಬೆಳಿಗ್ಗೆ ಐದು ಮುಕ್ಕಾಲು. ಸ್ಥಳ, ಸಲ್ಮಾಬಾದಿನ ನಮ್ಮ ಲಾರಿ ಯಾರ್ಡು. ಹಾಜರಿದ್ದವರು: ಮೇಲ್ವಿಚಾರಕನಾದ ನಾನು, ಚಾಲಕ ಹಮೀದ್, ಎಲೆಕ್ಟ್ರಿಷಿಯನ್ ನಾಸಿರ್, ಮತ್ತು ಕ್ಯಾಬಿನ್ ಮುಂದಕ್ಕೆ ಬಾಗಿಸಿ ನಿಲ್ಲಿಸಿದ ಒಂದು ಲಾರಿ.

ಹೀಗೆ ಬರೆದುಕೊಳ್ಳದೆ ನನ್ನ ದಿನ ಶುರುವಾಗುವುದಿಲ್ಲ. ಬೋರ್ಡಿಂಗ್ ಶಾಲೆಯಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವನು ನಾನು. ಅಲ್ಲಿನ ಫಾದರ್ ಒಬ್ಬರು, ವಸ್ತುವಿಗೊಂದು ಜಾಗ ಇರಬೇಕು, ಜಾಗವಿಲ್ಲದ ವಸ್ತು ಇರಬಾರದು ಎನ್ನುತ್ತಿದ್ದರು. ಆ ಮಾತನ್ನು ಅರವತ್ತಾರನೆಯ ವಯಸ್ಸಿನವರೆಗೆ ತಪ್ಪದೆ ಪಾಲಿಸಿದ್ದೇನೆ. ಅದರಿಂದ ಆದ ಒಂದು ಅನಾಹುತವನ್ನು ಈಗ ಹೇಳಬೇಕು.

ಬಹರೈನಿನಲ್ಲಿ ಚಳಿ ಎಂದರೆ ನೀವು ನಗಬಹುದು. ಆದರೆ ಜಿಂಜ್‌ನ ನಮ್ಮ ಮನೆಯಲ್ಲಿ ಚಳಿಯನ್ನು ಅಳೆಯುವುದು ಕೊಬ್ಬರಿ ಎಣ್ಣೆಯ ಬಾಟಲಿ. ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿದ ದಿನ ನನ್ನ ಹೆಂಡತಿ ಸಿಸಿಲಿಯಾ ಬೀರುವಿನಿಂದ ಸ್ವೆಟರ್ ಇಳಿಸುತ್ತಾಳೆ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿ, ಸೊಂಟ ಹಿಡಿದುಕೊಂಡು ಏಳುವ ನನ್ನ ಕಡೆ ನೋಡಿ, "ನಿಮ್ಮನ್ನೂ ಹೀಗೇ ನಿಲ್ಲಿಸ್ಬೇಕು, ಆದ್ರೆ ಅಷ್ಟು ದೊಡ್ಡ ಚೊಂಬು ಎಲ್ಲುಂಟು?" ಎನ್ನುತ್ತಾಳೆ.

ಬೇಸಿಗೆಯಲ್ಲಿ ಇದೆಲ್ಲ ತಲೆಕೆಳಗು. ತಾರಸಿಯ ಟ್ಯಾಂಕಿನ ನೀರು ಮೈಸುಡುವಷ್ಟು ಕಾದಿರುತ್ತದೆ. ಆಗ ನಾವು ಗೀಸರಿನ ಸ್ವಿಚ್ ಆರಿಸಿ, ಮನೆಯೊಳಗಿನ ನೆರಳಲ್ಲಿ ತಣಿದ ಅದರ ನೀರನ್ನೇ ತಣ್ಣೀರೆಂದು ಮೀಯುತ್ತೇವೆ. ಬಿಸಿ ಮಾಡುವ ಯಂತ್ರದಿಂದ ತಣ್ಣೀರು ಪಡೆಯುವ ಊರಿನಲ್ಲಿ ಮೂವತ್ತು ವರ್ಷ ಕಳೆದವನಿಗೆ, ಲಾರಿಯ ಎಂಜಿನ್ನನ್ನು ಬಿಸಿ ಮಾಡಲೂ ಒಂದು ಯಂತ್ರವಿದೆ ಎಂದು ಹೊಳೆಯುವುದಾದರೂ ಹೇಗೆ?

ಹಮೀದನ ಲಾರಿ ಮೂರು ವರ್ಷದ ಹಿಂದೆ ಉತ್ತರ ಯುರೋಪಿನಿಂದ ಸೆಕೆಂಡ್ ಹ್ಯಾಂಡಾಗಿ ಬಂದದ್ದು. ಬಂದಾಗ ಅದರ ಮುಂಭಾಗದಿಂದ ಒಂದು ವಯರು ಜೋತಾಡುತ್ತಿತ್ತು, ತುದಿಯಲ್ಲಿ ಮನೆಯ ಇಸ್ತ್ರಿಪೆಟ್ಟಿಗೆಗಿರುವಂಥ ಪ್ಲಗ್ಗು. ಡೀಸೆಲ್ ಕುಡಿಯುವ ಲಾರಿಗೆ ಪ್ಲಗ್ಗು ಯಾಕೆ? ಜಾಗವಿಲ್ಲದ ವಸ್ತು. ನಾನೇ ಕಟ್ಟರ್ ತಂದು ಕತ್ತರಿಸಿದೆ. ಆದರೆ ಎಸೆಯಲಿಲ್ಲ. ನೀಟಾಗಿ ಸುತ್ತಿ, ಲಾರಿಯ ನಂಬರಿನ ಚೀಟಿ ಕಟ್ಟಿ, ಮೂರನೆಯ ಡ್ರಾಯರಿನಲ್ಲಿಟ್ಟೆ. ಆ ಡ್ರಾಯರಿನ ಮೇಲೆ ನನ್ನದೇ ಅಕ್ಷರದಲ್ಲಿ 'ಉಪಯೋಗವಿಲ್ಲದ್ದು' ಎಂದಿದೆ.

ಕಳೆದ ಜನವರಿಯಲ್ಲಿ ಹಮೀದ್ ಅಲ್ಯೂಮಿನಿಯಂ ಹೇರಿಕೊಂಡು ಜೋರ್ಡಾನಿಗೆ ಹೊರಟ. ದಾರಿಯಲ್ಲಿ ಸೌದಿಯ ಉತ್ತರದ ತುದಿಗೆ ತುರೈಫ್ ಎಂಬ ಊರು. ಅಲ್ಲಿ ಚಳಿಗಾಲದ ಬೆಳಿಗ್ಗೆ ಬಕೆಟಿನ ನೀರು ಮಂಜುಗಡ್ಡೆಯಾಗುತ್ತದೆ. ಬೇರೆ ಚಾಲಕರು ರಾತ್ರಿಯಿಡೀ ಎಂಜಿನ್ ಓಡಿಸಿಯೇ ಮಲಗಿದರು. ಹಮೀದ್ ಆರಿಸಿದ. ಯಾಕೆಂದರೆ ನಮ್ಮ ಯಾರ್ಡಿನ ನಿಯಮಗಳಲ್ಲಿ ಆಗಷ್ಟೇ ಸೇರಿದ ನಾಲ್ಕನೆಯದು: ನಿಂತ ಲಾರಿಯ ಎಂಜಿನ್ ಆರಿಸತಕ್ಕದ್ದು. ಬರೆದವನು ಯಾರೆಂದು ಹೇಳಬೇಕಿಲ್ಲ. ಬೆಳಿಗ್ಗೆ ಎಂಜಿನ್ನಿನ ಎಣ್ಣೆ ಸಿಸಿಲಿಯಾಳ ಬಾಟಲಿಯಂತೆ ಗಟ್ಟಿಯಾಗಿ, ಲಾರಿ ಕೆಮ್ಮಲೂ ಇಲ್ಲ. ಸರಕು ಒಂದು ದಿನ ತಡವಾಯಿತು. ನಾನು ರಿಜಿಸ್ಟರಿನಲ್ಲಿ 'ಕಾರಣ: ಚಾಲಕನ ಅಜಾಗ್ರತೆ' ಎಂದು ಬರೆದೆ. ಮ್ಯಾನೇಜರ್ ಅದನ್ನು ಓದಿ, ಹದಿನಾಲ್ಕು ವರ್ಷ ಆ ದಾರಿಯಲ್ಲಿ ಓಡಾಡಿದವನನ್ನು ಊರೊಳಗೆ ಸಿಮೆಂಟ್ ಇಟ್ಟಿಗೆ ಸಾಗಿಸಲು ಹಾಕಿದರು. ಜೊತೆಯವರು ಕರಾವಳಿಯ ಮುಸ್ಲಿಮನಾದ ಅವನಿಗೆ 'ತುರೈಫ್ ಬ್ಯಾರಿ' ಎಂದು ಹೆಸರಿಟ್ಟರು.

ನಿನ್ನೆ ಅದೇ ಉತ್ತರ ಯುರೋಪಿನಿಂದ ಇನ್ನೊಂದು ಲಾರಿ ಬಂತು, ಅದೇ ವಯರಿನ ಬಾಲದೊಂದಿಗೆ. ನಾನು ಕಟ್ಟರ್ ಹುಡುಕುತ್ತಿದ್ದೆ.

"ಅರೆ ಚಾಚಾ, ಕಾಟ್ನಾ ಮತ್!" ಕತ್ತರಿಸಬೇಡಿ ಎಂದು ಕೂಗುತ್ತ ನಾಸಿರ್ ಓಡಿ ಬಂದ. ಪೆಶಾವರದ ಆಚೆಯ ಬೆಟ್ಟದ ಕಡೆಯವನು, ಚಳಿ ಕಂಡವನು. ಎಂಜಿನ್ನಿನ ಒಡಲೊಳಗೆ ಹೀಟರ್ ಇದೆ, ರಾತ್ರಿ ತಂಗುವಲ್ಲಿ ಇದನ್ನು ಕರೆಂಟಿಗೆ ಸಿಕ್ಕಿಸಿದರೆ ಒಳಗಿನ ನೀರು ಬೆಚ್ಚಗಿರುತ್ತದೆ, ಬೆಳಿಗ್ಗೆ ಒಂದೇ ಚಾವಿಗೆ ಲಾರಿ ಎಚ್ಚರವಾಗುತ್ತದೆ ಎಂದು ವಿವರಿಸಿದ. ನಾನು ಹೋಗಿ ಮೂರನೆಯ ಡ್ರಾಯರ್ ಎಳೆದೆ. ಹಳೆಯ ವಯರು ಸಿಗಲು ಎರಡು ನಿಮಿಷವೂ ಹಿಡಿಯಲಿಲ್ಲ. ಅಚ್ಚುಕಟ್ಟಿನ ಮನುಷ್ಯನ ತಪ್ಪುಗಳೂ ಅಚ್ಚುಕಟ್ಟಾಗಿ, ಚೀಟಿ ಸಮೇತ ಸಿಗುತ್ತವೆ.

ಹಾಗಾಗಿ ಇಂದು ಐದು ಮುಕ್ಕಾಲಿಗೆ ಈ ಸಭೆ. ನಾಸಿರ್ ಹಮೀದನ ಲಾರಿಗೆ ಅದರ ಬಾಲವನ್ನು ಮತ್ತೆ ಜೋಡಿಸಿದ. ಪ್ಲಗ್ ಸಿಕ್ಕಿಸಿ ಕಾದೆವು. ಕಾಯುವಾಗ ಹಮೀದನಿಗೆ ಎಲ್ಲವನ್ನೂ ಹೇಳಿದೆ.

"ಕತ್ತರಿಸಿದ್ದು ನೀವಾ ಪೊರ್ಬುಗಳೇ?" ಎಂದ. ಊರ ಕಡೆ ಕ್ರಿಶ್ಚನ್ನರನ್ನು ಕರೆಯುವ ರೀತಿ ಅದು. "ಅಲ್ಲೊಂದು ಮೋಟು ವಯರ್ ಇತ್ತು. ಇಲಿ ತಿಂದದ್ದು ಅಂತ ನಾನು ಗ್ರಹಿಸಿದ್ದೆ. ಮೂರು ವರ್ಷ ಇಲಿಗೆ ಬೈದದ್ದೆಲ್ಲ ದಂಡ ಆಯ್ತಲ್ಲ ಮಾರಾಯ್ರೆ!"

"ಬೈದದ್ದು ಸರಿಯಾದವರಿಗೇ ಮುಟ್ಟಿದೆ ಬಿಡು."

ಅವನು ನಗಲಿಲ್ಲ. "ತಮಾಷೆ ಇರ್ಲಿ. ಗುರುವಾರ ಜೋರ್ಡಾನಿಗೆ ಲೋಡ್ ಉಂಟು. ಯಾರು ಹೋಗುದು ಅಂತ ಇವತ್ತೇ ತೀರ್ಮಾನ. ಬುಕ್ಕಲ್ಲಿ ನನ್ನ ಹೆಸರು ಈಗ್ಲೂ ಹಾಗೇ ಉಂಟಲ್ಲ?"

ಒಂದು ಗಂಟೆಯಾದ ಮೇಲೆ ಎಂಜಿನ್ ಮುಟ್ಟಿ ನೋಡಿದೆ. ಜ್ವರ ಬಿಡುತ್ತಿರುವ ಮಗುವಿನ ಹಣೆಯಷ್ಟು ಬೆಚ್ಚಗಿತ್ತು.

ರಿಜಿಸ್ಟರನ್ನು ತಿದ್ದಬಾರದು ಎಂಬುದೂ ನನ್ನದೇ ನಿಯಮ, ಎರಡನೆಯದು. ಮಧ್ಯಾಹ್ನದವರೆಗೆ ಆ ನಿಯಮದ ಮುಂದೆ ಕುಳಿತಿದ್ದೆ. ಮೂವತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದು ಗೀಟೂ ಬಿದ್ದಿಲ್ಲ. ಕೊನೆಗೆ ಕೆಂಪು ಪೆನ್ನಿನಿಂದ ಕಳೆದ ವರ್ಷದ ಸಾಲನ್ನು ಹೊಡೆದು, ಪಕ್ಕದಲ್ಲಿ ಬರೆದೆ: 'ಕಾರಣ: ಹೀಟರಿನ ವಯರ್ ಕತ್ತರಿಸಿದ್ದು ಮೇಲ್ವಿಚಾರಕ. ಎಂಜಿನ್ ಆರಿಸಲು ಹೇಳಿದ್ದೂ ಅವನೇ. ಚಾಲಕ ನಿಯಮ ಪಾಲಿಸಿದ್ದಾನೆ.' ಸಹಿ ಹಾಕಿ ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಗುರುವಾರದ ಪಟ್ಟಿಯಲ್ಲಿ ಹಮೀದನ ಹೆಸರು ಬರೆದರು.

ಸುದ್ದಿ ಕೇಳಿದ ಹಮೀದ್ ಪ್ಲಗ್ಗಿನ ವಯರನ್ನು ಸುತ್ತಿ ಲಾರಿಯ ಮುಂಭಾಗದಲ್ಲಿ ಭದ್ರಪಡಿಸಿ, "ಇನ್ನು ಇದಕ್ಕೆ ಒಂದು ಬೀಗ ಹಾಕ್ಬೇಕು. ಇಲಿಗೆ ಅಲ್ಲ, ನಿಮಗೆ" ಎಂದ. ಈ ಸಲ ನಕ್ಕ.

ಸಂಜೆ ಐದೂವರೆ. ನಾಲ್ಕನೆಯ ನಿಯಮಕ್ಕೆ 'ಚಳಿಯ ಊರಿನಲ್ಲಿ ಚಾಲಕನೇ ನಿರ್ಧರಿಸತಕ್ಕದ್ದು' ಎಂದು ಸೇರಿಸಿದ್ದಾಯಿತು. ಇನ್ನೊಂದೇ ಕೆಲಸ ಬಾಕಿ ಇತ್ತು. ಮೂರನೆಯ ಡ್ರಾಯರಿನ ಹಳೆಯ ಚೀಟಿ ಕಿತ್ತು, ಹೊಸದನ್ನು ನೇರವಾಗಿ, ಅಂಚಿಗೆ ಅಂಚು ಕೂಡುವಂತೆ ಅಂಟಿಸಿದೆ: 'ಬಲ್ಲವರನ್ನು ಕೇಳಬೇಕಾದದ್ದು'.