ಅನುಭವಕ್ಕೆ ಬಾಕಿಯಿದ್ದ ವರ್ಷಗಳು

ಅನುಭವ ಪತ್ರ ಕೇಳಲು ಕೊರಟಗೆರೆಗೆ ಹೋದಾಗ ನಮ್ಮ ಹಳೆಯ ಕಂಟ್ರಾಕ್ಟರು ಯೋಚನೆಯನ್ನೇ ಮಾಡಲಿಲ್ಲ. ಲೆಟರ್‌ಹೆಡ್ಡಿನ ಒಂದು ಹಾಳೆ ಎಳೆದುಕೊಂಡು, ಪೆನ್ನಿನ ಕ್ಯಾಪು ತೆಗೆದು, "ಎಷ್ಟು ವರ್ಸ ಬೇಕು ಏಳಮ್ಮ, ಆಕ್ಬುಡ್ತೀನಿ" ಎಂದರು.

ಸಿವಿಲ್ ಇಂಜಿನಿಯರಿಂಗ್ ಮುಗಿಸಿದ ಮೇಲೆ ಮದುವೆಯಾಗುವವರೆಗೂ ನಾನು ಅವರಲ್ಲಿ ಕೆಲಸ ಮಾಡಿದ್ದೆ. ಮನೆಗಳ ಪ್ಲಾನು ಬಿಡಿಸುವುದು, ಎಸ್ಟಿಮೇಟು ಹಾಕುವುದು, ತಾರಸಿಯ ಮೋಲ್ಡಿಂಗ್ ಹಾಕುವ ಹಿಂದಿನ ದಿನ ಸೈಟಿಗೆ ಹೋಗಿ ಕಬ್ಬಿಣ ಸರಿಯಾಗಿ ಕಟ್ಟಿದ್ದಾರಾ ನೋಡುವುದು, ಇವು ನನ್ನ ಕೆಲಸ. ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ ಮಗಳು ಹುಟ್ಟಿದಳು. ಅವಳು ಶಾಲೆಗೆ ಹೋಗುವಷ್ಟಾಗುವವರೆಗೂ ನಾನು ಮನೆಯಲ್ಲೇ ಉಳಿದೆ.

ಆ ನಡುವೆ ನಾವು ಮನೆ ಸಾಲಕ್ಕೆ ಅರ್ಜಿ ಹಾಕಿದ್ದೆವು. ಮನೆಗೆ ಎಷ್ಟು ಬೆಲೆಯಾಗುತ್ತದೆಂದು ನೋಡಲು ಬ್ಯಾಂಕಿನ ಕಡೆಯಿಂದ ಒಬ್ಬರು ವ್ಯಾಲ್ಯುಯರ್ ಬಂದರು. ಸಿರಾದವರು, ಐವತ್ತು ದಾಟಿದವರು. ಹಾಲ್‌ಗೆ ಹಾಕಿಸಿದ್ದ ಹೊಸ ಗ್ರಾನೈಟನ್ನು ನಾವು ತೋರಿಸುತ್ತಲೇ ಇದ್ದೆವು. ಅವರು ಅದರ ಮೇಲೆ ನಿಂತುಕೊಂಡೇ ಮೇಲೆ ನೋಡಿ, ತೊಲೆಯ ಕೆಳಗೆ ಗೋಡೆಯಲ್ಲಿದ್ದ ಒಂದು ಸಣ್ಣ ಬಿರುಕನ್ನು ಬೆರಳಿನಿಂದ ಸವರಿ, "ಇದು ಪ್ಲಾಸ್ಟರಿಂದು ಮಾತ್ರ, ಭಯ ಬೀಳ್ಬೇಡಿ" ಎಂದರು. ನಾನು ಇಂಜಿನಿಯರಾಗಿದ್ದೂ ಆ ಬಿರುಕನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ಕೆಲಸ ನನಗೂ ಬೇಕು ಅನ್ನಿಸಿದ್ದು ಅವತ್ತು.

ನೋಂದಾಯಿತ ವ್ಯಾಲ್ಯುಯರ್ ಆಗಲು ಪದವಿಯೊಂದೇ ಸಾಲದು. ಪದವಿಯಾದ ಮೇಲೆ ಅದೇ ಕ್ಷೇತ್ರದಲ್ಲಿ ಐದು ವರ್ಷ ಕೆಲಸ ಮಾಡಿರಬೇಕು, ಆಮೇಲೆ ಒಂದು ತರಬೇತಿ, ಅದರ ಮೇಲೆ ಪರೀಕ್ಷೆ. ಮನೆಯಲ್ಲಿ ಕೂತ ವರ್ಷಗಳು ಲೆಕ್ಕಕ್ಕಿಲ್ಲ. ನಮ್ಮತ್ತೆಗೆ ಇದು ಅರ್ಥವೇ ಆಗಲಿಲ್ಲ. "ಮನೆ ಕಟ್ಸಿದ್ದೀಯ, ಮನೆ ನಡ್ಸಿದ್ದೀಯ. ಇನ್ನೂ ಅನುಭವ ಸಾಲ್ದು ಅಂದ್ರೆ ಹೆಂಗಮ್ಮ?" ಎಂದು ಕೇಳಿದ್ದರು.

ಕಂಟ್ರಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ಇದ್ದಷ್ಟನ್ನೇ ಬರೆದುಕೊಡಿ ಎಂದೆ. "ಅದ್ರಲ್ಲಿ ನಿನ್ ಕೆಲ್ಸ ಆಗಲ್ವಲ್ಲಮ್ಮ" ಎಂದು ಅವರು ಪೇಚಾಡಿಕೊಂಡರು. ಸುಳ್ಳು ಬರೆಸಲು ಹೆದರಿದೆ ಎನ್ನುವುದು ಅರ್ಧ ನಿಜ. ಇನ್ನರ್ಧವೇನೆಂದರೆ, ಮನೆ ಕಟ್ಟಲು ಏನೇನು ಬೇಕೆಂದು ನನಗೆ ಗೊತ್ತಿತ್ತು, ಕಟ್ಟಿದ ಮನೆ ಎಷ್ಟು ಬಾಳುತ್ತದೆಂದು ಹೇಳುವುದು ಗೊತ್ತಿರಲಿಲ್ಲ. ಬಾಕಿಯಿದ್ದ ವರ್ಷಗಳನ್ನು ತುಂಬಿಕೊಳ್ಳಲು, ನಮ್ಮ ಮನೆ ನೋಡಲು ಬಂದಿದ್ದ ಆ ಸಿರಾದವರ ಹತ್ತಿರವೇ ಹೋಗಿ ಕೆಲಸ ಕೇಳಿದೆ. ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರು, ಮೆಡಿಕಲ್ ಸ್ಟೋರಿನ ಮೇಲೆ ಅವರ ಆಫೀಸಿತ್ತು.

"ಸಂಬಳ ಜಾಸ್ತಿ ಕೊಡಕ್ಕಾಗಲ್ಲ, ಓಡಾಟ ಜಾಸ್ತಿ" ಎಂದರು. "ಬರ್ತೀನಿ ಸಾರ್" ಎಂದೆ.

ಮೊದಲ ಕೆಲವು ವಾರ ಅವರು ನನ್ನ ಕೈಗೆ ಟೇಪು ಕೊಡಲಿಲ್ಲ. ಸಿರಾದ ಕೋಟೆಯ ಹತ್ತಿರದ ಹಳೆಯ ಮನೆಗಳು, ಕೊರಟಗೆರೆಯ ಅಂಗಡಿ ಮಳಿಗೆಗಳು, ತಾವರೆಕೆರೆ ಕಡೆಯ ತೋಟದ ಮನೆಗಳು, ಎಲ್ಲ ಕಡೆಯೂ ಅವರ ಹಿಂದೆ ಹೋಗಿ ಸುಮ್ಮನೆ ನೋಡಿ ಬರಬೇಕಿತ್ತು. ಹೊರಗೆ ಬಂದ ಮೇಲೆ ಏನೇನು ಕಂಡಿತು ಎಂದು ಕೇಳುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಮನೆಯವರ ಮುಂದೆ ಚೆನ್ನಾಗಿದೆ ಅನ್ನಬಾರದು, ಚೆನ್ನಾಗಿಲ್ಲ ಅಂತಲೂ ಅನ್ನಬಾರದು, ಹುಬ್ಬು ಕೂಡ ಏರಿಸಬಾರದು. "ಅವ್ರು ಗೋಡೆ ನೋಡಲ್ಲಮ್ಮ, ನಿನ್ ಮುಖ ನೋಡ್ತಿರ್ತಾರೆ" ಎನ್ನುತ್ತಿದ್ದರು. ನಿಜವೇ. ಸಾಲಕ್ಕೆ ಅರ್ಜಿ ಹಾಕಿದವರು, ನಾವು ಬೆಲೆ ಹೆಚ್ಚು ಹೇಳಬೇಕೆಂದು ಬಯಸುತ್ತಿದ್ದರು. ಅಣ್ಣತಮ್ಮಂದಿರ ಭಾಗದ ಮಾತಾದರೆ, ಮನೆ ಇಟ್ಟುಕೊಳ್ಳುವವನು ಕಡಿಮೆ ಹೇಳಲಿ ಎಂದು, ಪಾಲು ಬಿಟ್ಟುಕೊಡುವವನು ಹೆಚ್ಚು ಹೇಳಲಿ ಎಂದು ನಮಗೆ ಇನ್ನೊಂದೊಂದು ಲೋಟ ಮಜ್ಜಿಗೆ ಕೊಡಿಸುತ್ತಿದ್ದರು. ಇಬ್ಬರ ಮಜ್ಜಿಗೆಯನ್ನೂ ಕುಡಿದು, ಇಬ್ಬರಿಗೂ ಏನೂ ಹೇಳದೆ ಎದ್ದು ಬರುವುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ಎರಡನೆಯ ವರ್ಷ ಪಾವಗಡದ ಒಂದು ಮನೆ ಬಂತು.

ಪ್ರೈಮರಿ ಶಾಲೆಯ ಮೇಡಂ ಒಬ್ಬರ ಮನೆ. ಮಹಡಿ ಕಟ್ಟಿಸಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಊರಿನ ಒಂದು ಅಂಚಿನಲ್ಲಿ ಎರಡು ಬೀದಿಗಳು ಅಕ್ಕಪಕ್ಕ ಇದ್ದವು. ಒಂದು ಬಡಾವಣೆಗೆ ಸೇರಿದ್ದು, ಇನ್ನೊಂದನ್ನು ಎಲ್ಲರೂ ಕಾಲೋನಿ ಎನ್ನುತ್ತಿದ್ದರು. ಕಾಲೋನಿ ಎಂದರೆ ದಲಿತರ ಬೀದಿ ಎಂದು ನಮ್ಮ ಕಡೆ ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಬೀಳುವುದಿಲ್ಲ. ಎರಡಕ್ಕೂ ಒಂದೇ ಅಗಲದ ಕಾಂಕ್ರೀಟ್ ರಸ್ತೆ, ಒಂದೇ ಟ್ಯಾಂಕಿನ ನೀರು. ಮೇಡಂ ಮನೆ ಕಾಲೋನಿಯ ಕಡೆಗಿತ್ತು.

ಬಾಗಿಲು ತೆಗೆದದ್ದು ಮೇಡಂ ಅವರ ಅತ್ತೆ. "ರಾಮ್ಮಾ, ಕೂರ್ಚೋ" ಎಂದು ನನ್ನನ್ನು ತೆಲುಗಿನಲ್ಲೇ ಕರೆದು ಫ್ಯಾನಿನ ಕೆಳಗೆ ಕೂರಿಸಿದರು. ಎದುರಿನ ಗೋಡೆಯಲ್ಲಿ ಬುದ್ಧನ ದೊಡ್ಡ ಚಿತ್ರ, ಅದರ ಕೆಳಗೆ ಮಕ್ಕಳ ಶಾಲೆಯ ಕಪ್ಪುಗಳು. ಅಷ್ಟು ಹೊತ್ತಿಗೆ ಸಾರ್ ನನಗೆ ಟೇಪು ಕೊಡುವಷ್ಟು ನಂಬಿಕೆ ಬೆಳೆದಿತ್ತು. ಕೋಣೆಗಳನ್ನು ಅಳೆದೆ, ಟೆರೇಸು ಹತ್ತಿ ನೋಡಿದೆ. ಒಳ್ಳೆಯ ಕೆಲಸ. ನೀರು ನಿಲ್ಲದ ಹಾಗೆ ಟೆರೇಸಿಗೆ ಇಳಿಜಾರು ಕೊಟ್ಟಿದ್ದರು, ಮಹಡಿಗೆಂದು ಮೊದಲೇ ಕಂಬಿ ಬಿಟ್ಟು, ತುಕ್ಕು ಹಿಡಿಯದಂತೆ ಸಿಮೆಂಟಿನ ಹಾಲು ಬಳಿದಿದ್ದರು.

ನಾವು ಹೊರಡುವಾಗ ಮೇಡಂ ಗೇಟಿನ ತನಕ ಬಂದರು. "ಒಂದು ಕೇಳ್ತೀನಿ ಸಾರ್, ಬೇಜಾರು ಮಾಡ್ಕೋಬ್ಯಾಡಿ. ನಮ್ ಮೈದುನ ಸಾಲಕ್ಕಾಕ್ದಾಗ ಯಾರೋ ಬಂದು ಅಳ್ಕೊಂಡೋದ್ರು. ಕಾಲೋನಿ ಅಂತ ಕಮ್ಮಿ ಬರುದ್ರಂತೆ. ನಮ್ಗೇನು ಸಿಮೆಂಟು ಕಮ್ಮಿಗೆ ಕೊಟ್ರಾ? ಕಬ್ಣ ಕಮ್ಮಿಗೆ ಕೊಟ್ರಾ?"

ಸಾರ್ ಮುಖದಲ್ಲಿ ಏನೂ ಕಾಣಲಿಲ್ಲ. "ಇನ್ನೂ ನೋಡೋದೈತಮ್ಮ. ನೋಡಿ ಬರಿತೀವಿ" ಎಂದಷ್ಟೇ ಹೇಳಿದರು. ನನ್ನ ಮುಖದಲ್ಲಿ ಏನು ಕಂಡಿತೋ ಗೊತ್ತಿಲ್ಲ, ನಾನು ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

ಮಾರನೆಯ ದಿನ ವರದಿ ಬರೆಯಲು ಕೂತೆ. ಕಟ್ಟಡದ ಭಾಗ ಸಲೀಸಾಗಿ ಮುಗಿಯಿತು. ಜಾಗದ ಬೆಲೆಗೆ ಬಂದಾಗ ಕೈ ನಿಂತಿತು. ಅಷ್ಟರಲ್ಲಿ ಬ್ಯಾಂಕಿನ ಮ್ಯಾನೇಜರು ಬೇರೆ ಯಾವುದೋ ಕೆಲಸಕ್ಕೆ ಫೋನು ಮಾಡಿದವರು, "ಆ ಪಾವಗಡದ್ದಕ್ಕೆ ಲೊಕಾಲಿಟಿ ನೋಡ್ಕೊಂಡು ಸ್ವಲ್ಪ ಕಮ್ಮಿ ಮಾಡಿ ಮೇಡಂ, ಎಲ್ಲರೂ ಹಾಗೇ ಮಾಡ್ತಾರೆ" ಎಂದರು. ಕೆಟ್ಟವರಂತೆ ಅಲ್ಲ, ಜ್ಞಾಪಿಸುವವರಂತೆ ಹೇಳಿದರು. ಆ ಕಾಲಮನ್ನು ಖಾಲಿ ಬಿಟ್ಟು ವರದಿಯನ್ನು ಸಾರ್ ಮುಂದಿಟ್ಟೆ.

"ಇದ್ಯಾಕೆ ಖಾಲಿ?"

"ಅಲ್ಲಿ ಕೊಳ್ಳೋರು ಬರಲ್ಲ, ಕಮ್ಮಿ ಬರೀಬೇಕು ಅಂತಾರೆ ಸಾರ್."

"ಯಾರು ಬರಲ್ಲ? ಯಾವಾಗ ಬರ್ಲಿಲ್ಲ? ನೀನು ನೋಡಿದ್ಯಾ?" ಅವರು ವರದಿಯನ್ನು ನನ್ನ ಕಡೆಗೇ ತಳ್ಳಿದರು. "ಆ ಬೀದೀಲಿ ಯಾರ್ಯಾರು ಮಾರಿದ್ರು, ಎಷ್ಟಕ್ಕೆ ಮಾರಿದ್ರು, ಹುಡುಕ್ಕೊಂಡು ಬಾ. ಆಮೇಲೆ ಬರ್ಯಣ."

ಮತ್ತೆ ಪಾವಗಡದ ಬಸ್ಸು ಹತ್ತಿದೆ, ಒಂದು ಸಲವಲ್ಲ, ಹಲವು ಸಲ. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಮರದ ಕೆಳಗೆ ಕೂರುವ ಪತ್ರ ಬರೆಯುವವರನ್ನು ವಿಚಾರಿಸಿದೆ. ಒಬ್ಬರು ನಕ್ಕು, "ಆ ಬೀದೀಲಿ ಏನಮ್ಮ ಸಿಕ್ತದೆ, ಪಕ್ಕದ್ರಲ್ಲಿ ಒಳ್ಳೆ ಸೈಟಿದೆ, ತೋರುಸ್ಲಾ?" ಎಂದರು. ಒಂದು ಮಾರಾಟ ಸಿಕ್ಕಿತು, ಬೆಲೆ ಬಹಳ ಕಡಿಮೆಯಿತ್ತು. ಆ ಮನೆಗೇ ಹೋಗಿ ಕೇಳಿದರೆ, ಅಣ್ಣ ತಮ್ಮನಿಗೆ ಬಿಟ್ಟುಕೊಟ್ಟಿದ್ದು, ಹೆಸರಿಗೊಂದು ಬೆಲೆ ಹಾಕಿದ್ದು ಎಂದು ತಿಳಿಯಿತು. ಮನೆಯವರ ಒಳಗಿನ ಇಂಥ ವ್ಯವಹಾರವನ್ನು ಹೋಲಿಕೆಗೆ ಹಿಡಿಯುವಂತಿಲ್ಲ.

ಕೊನೆಗೆ ಕಾಲೋನಿಯ ಕಿರಾಣಿ ಅಂಗಡಿಯ ಹೆಂಗಸು ದಾರಿ ತೋರಿಸಿದರು. "ಆಸ್ಪತ್ರೆ ನರ್ಸಮ್ಮ ತಗಂಡವ್ರೆ ನೋಡು, ನೀಲಿ ಗೇಟು." ಆ ನರ್ಸು ಬೇರೆ ಜಿಲ್ಲೆಯವರು, ಬೇರೆ ಜಾತಿಯವರು, ಸರ್ಕಾರಿ ಆಸ್ಪತ್ರೆಗೆ ವರ್ಗವಾಗಿ ಬಂದವರು. ಬ್ಯಾಂಕ್ ಸಾಲದಲ್ಲಿ ಕೊಂಡಿದ್ದರಿಂದ ಕ್ರಯಪತ್ರದಲ್ಲಿ ಪೂರ್ತಿ ಬೆಲೆಯೇ ಇತ್ತು. ಪಕ್ಕದ ಬಡಾವಣೆಯಲ್ಲಿ ಅದೇ ಸುಮಾರಿಗೆ ಮಾರಾಟವಾದ ಮನೆಗಳ ದರಕ್ಕೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಇಲ್ಲೇ ಯಾಕೆ ಕೊಂಡಿರಿ ಎಂದು ಕೇಳಿದೆ. ನನ್ನ ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕೇಳಿಸಿರಬೇಕು. "ಡ್ಯೂಟಿಗೆ ನಡ್ಕೊಂಡೇ ಹೋಗಬಹುದು. ನೀರು ಬರುತ್ತೆ. ಮನೆ ಗಟ್ಟಿಯಾಗಿದೆ. ಇನ್ನೇನು ಬೇಕು?" ಎಂದರು.

"ಒಂದೇನಾ ಸಿಕ್ಕಿದ್ದು?" ಎಂದು ಸಾರ್ ಕೇಳಿದರು. ಒಂದೇ ಎಂದೆ. ಅವರಿಗೆ ಅದು ಸಾಲಲಿಲ್ಲ. ಎರಡೂ ಬೀದಿಗಳ ಬಾಡಿಗೆ ವಿಚಾರಿಸಿಕೊಂಡು ಬರಲು ಹೇಳಿದರು. ಬಾಡಿಗೆಯಲ್ಲೂ ವ್ಯತ್ಯಾಸ ಬಹಳ ಇರಲಿಲ್ಲ. ಕಾಲೋನಿಯಲ್ಲೂ ಬೇರೆ ಊರಿನ ನೌಕರರು ಬಾಡಿಗೆಗಿದ್ದರು. ಅಷ್ಟನ್ನೂ ವರದಿಯಲ್ಲಿ ಬರೆದು, ಲೊಕಾಲಿಟಿಯ ಹೆಸರಿನಲ್ಲಿ ಏನನ್ನೂ ಕಳೆಯದೆ ಬೆಲೆ ಹಾಕಿದೆವು. ಸಾರ್ ಸಹಿ ಮಾಡಿದರು.

ಮ್ಯಾನೇಜರು ನಮ್ಮಿಬ್ಬರನ್ನೂ ಬ್ಯಾಂಕಿಗೆ ಕರೆಸಿದರು. ವರದಿಯನ್ನು ಹಿಂದೆ ಮುಂದೆ ತಿರುವಿ, "ಆ ಏರಿಯಾ ಹೆಂಗೆ ಅಂತ ಎಲ್ಲರಿಗೂ ಗೊತ್ತಿರೋದೇ ಅಲ್ವಾ ಸಾರ್? ನಾಳೆ ಹರಾಜಿಗೆ ಬಂದ್ರೆ ಯಾರು ತಗೋತಾರೆ?" ಎಂದರು.

"ಎಲ್ಲರಿಗೂ ಗೊತ್ತು ಅನ್ನೋದನ್ನ ಯಾವ ಕಾಲಮ್ಮಲ್ಲಿ ಬರೀಲಿ ಸಾರ್? ನೀವೇ ಏಳಿ, ಬರಿತೀನಿ" ಎಂದು ಸಾರ್ ತಣ್ಣಗೆ ಹೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಹುಡುಕಿದ್ದು ಇವ್ರು, ಇವ್ರನ್ನೇ ಕೇಳಿ" ಎಂದರು.

ನರ್ಸಮ್ಮನ ಕ್ರಯಪತ್ರದ ವಿಚಾರ, ಅಣ್ಣತಮ್ಮಂದಿರ ವ್ಯವಹಾರವನ್ನು ಯಾಕೆ ಬಿಟ್ಟೆವು ಎನ್ನುವುದು, ಬಾಡಿಗೆಗಳು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಮ್ಯಾನೇಜರು ನಡುವೆ ಎರಡು ಮೂರು ಪ್ರಶ್ನೆ ಕೇಳಿದರು, ಒಳ್ಳೆಯ ಪ್ರಶ್ನೆಗಳೇ. ಕೊನೆಗೆ ವರದಿಯನ್ನು ಫೈಲಿನೊಳಗೆ ಸೇರಿಸಿ, "ಸರಿ, ಕಳಿಸ್ತೀನಿ. ಮೇಲಿನವರು ಕೇಳಿದ್ರೆ ಇದನ್ನೇ ಹೇಳ್ತೀನಿ" ಎಂದರು. ಸ್ವಲ್ಪ ತಡವಾದರೂ ಸಾಲ ಮಂಜೂರಾಯಿತು.

ಬ್ಯಾಂಕಿನಿಂದ ಹೊರಗೆ ಬರುವಾಗ ನಾನು ಬಹಳ ಹುರುಪಿನಲ್ಲಿದ್ದೆ. ಏನೋ ಗೆದ್ದೆವು ಎನ್ನುವ ಹಾಗೆ ಮಾತಾಡುತ್ತಿದ್ದೆ. ಸಾರ್ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಆ ನರ್ಸು ಸಿಗದೇ ಇದ್ದಿದ್ರೆ?" ಎಂದರು.

ನಾನೂ ಬೆಂಚಿನ ತುದಿಯಲ್ಲಿ ಕೂತೆ.

"ಕಮ್ಮೀನೇ ಬರೀಬೇಕಾಗಿತ್ತಮ್ಮ. ಜನ ಏನು ಕೊಡ್ತಾರೋ ಅದೇ ಬೆಲೆ. ನಾವು ಜನಾನ ತಿದ್ದಕ್ಕೋಗಿಲ್ಲ."

"ಹಂಗಾದ್ರೆ ನಾವು ಮಾಡಿದ್ದೇನು ಸಾರ್?"

"ಹುಡುಕಿದ್ವಿ. ಹುಡುಕ್ದೇನೇ ಕಮ್ಮಿ ಬರ್ಯೋದು ಬೇರೆ, ಹುಡುಕಿ ಕಮ್ಮಿ ಬರ್ಯೋದು ಬೇರೆ." ಅವರು ಲೋಟ ಕೆಳಗಿಟ್ಟರು. "ಸಿರಾದಲ್ಲಿ ನಮ್ ಮನೆ ಇರೋ ಮೊಹಲ್ಲಾಕ್ಕೂ ಒಬ್ಬ ಇಂಗೇ ಬರ್ದಿದ್ದ. ಗಾಡಿಯಿಂದ ಇಳಿದೂ ಇರ್ಲಿಲ್ಲ ಅವ್ನು."

ಅವರ ಉತ್ತರ ನನಗೆ ಅವತ್ತು ಸಮಾಧಾನ ಕೊಡಲಿಲ್ಲ, ಈಗಲೂ ಪೂರ್ತಿ ಕೊಟ್ಟಿಲ್ಲ. ಮೇಡಂ ಮನೆಯ ಗೋಡೆ, ಕಂಬಿ, ಟೆರೇಸು ಎಲ್ಲವೂ ಹೇಗಿದ್ದವೋ ಹಾಗೇ ಇದ್ದು, ಬೇರೆ ಊರಿನ ಒಬ್ಬ ನರ್ಸು ಆ ವರ್ಷ ಪಾವಗಡಕ್ಕೆ ವರ್ಗವಾಗದೆ ಇದ್ದಿದ್ದರೆ, ಅದೇ ಮನೆಯ ಬೆಲೆ ಬೇರೆಯಾಗುತ್ತಿತ್ತು. ಇದನ್ನು ಒಪ್ಪಿಕೊಂಡೇ ಈ ಕೆಲಸ ಮಾಡಬೇಕು. ಒಪ್ಪಿಕೊಳ್ಳುವುದಕ್ಕೂ ಒಗ್ಗಿಕೊಳ್ಳುವುದಕ್ಕೂ ನಡುವೆ ಎಷ್ಟು ಅಂತರ ಉಳಿಸಿಕೊಳ್ಳುತ್ತೇನೆ ಎನ್ನುವುದು ಮಾತ್ರ ನನ್ನ ಕೈಯಲ್ಲಿದೆ. ನಮ್ಮೂರಿನಲ್ಲೂ ಅಂಥ ಬೀದಿಯೊಂದಿತ್ತು. ಶಾಲೆಗೆ ಹೋಗುವಾಗ ದಿನಾ ಅದನ್ನು ದಾಟುತ್ತಿದ್ದೆ. ಅಲ್ಲಿನ ಮನೆಗಳು ಹೇಗಿದ್ದವೆಂದು ನೆನಪು ಮಾಡಿಕೊಳ್ಳಲು ಹೋದರೆ ಒಂದೂ ಕಣ್ಣಿಗೆ ಬರುವುದಿಲ್ಲ.

ಬಾಕಿ ವರ್ಷಗಳು ತುಂಬಿದವು. ತರಬೇತಿ ಮುಗಿಸಿದೆ. ಮಗಳ ಪರೀಕ್ಷೆ ಮತ್ತು ನನ್ನ ಪರೀಕ್ಷೆ ಒಂದೇ ತಿಂಗಳು ಬಂದವು. ಇಬ್ಬರೂ ಊಟದ ಟೇಬಲ್ಲಿನ ಎರಡು ಕಡೆ ಕೂತು ಓದಿಕೊಂಡೆವು. ಅವಳು ಮೊದಲ ಸಲವೇ ಪಾಸಾದಳು, ನಾನು ಎರಡನೆಯ ಸಲಕ್ಕೆ. ಅರ್ಜಿಯ ಜೊತೆಗೆ ಇಡಲು ಸಾರ್ ಹತ್ತಿರ ಅನುಭವ ಪತ್ರ ಕೇಳಿದಾಗ, ಸೇರಿದ ತಾರೀಕು, ಬಿಟ್ಟ ತಾರೀಕು, ಮಾಡಿದ ಕೆಲಸ ಇಷ್ಟನ್ನೇ ಬರೆದು ಕೊಟ್ಟರು. ಹೊಗಳಿಕೆಯ ಒಂದು ಮಾತೂ ಇರಲಿಲ್ಲ. ನನಗೆ ಅಳು ಬಂದಿತು. "ಅರೆ, ಸ್ಪೆಲಿಂಗ್ ತಪ್ಪಾಯ್ತಾ?" ಎಂದು ಅವರು ಪತ್ರವನ್ನು ವಾಪಸು ತೆಗೆದುಕೊಂಡು ಓದತೊಡಗಿದರು.

ನೋಂದಣಿಯಾದ ಮೇಲೆ, ಮಹಡಿಯ ಗೃಹಪ್ರವೇಶಕ್ಕೆ ಪಾವಗಡದ ಮೇಡಂ ನಮ್ಮನ್ನು ಕರೆದರು. ಬುದ್ಧವಂದನೆ ಮುಗಿದ ಮೇಲೆ ಹೊಸ ಮಹಡಿಯಲ್ಲೇ ಎಲೆ ಹಾಕಿದ್ದರು. ಮುದ್ದೆ, ಕಾಳಿನ ಸಾರು, ಕಡಲೆಕಾಯಿ ಚಟ್ನಿ. ಬಡಿಸುತ್ತಿದ್ದ ಮೇಡಂ ನಾನು ಸೂರು ನೋಡುತ್ತಿರುವುದನ್ನು ಕಂಡು, "ಇವತ್ತು ಅಳೀಬ್ಯಾಡಿ ಮೇಡಂ, ಉಣ್ಣಿ" ಎಂದು ನಗಿಸಿದರು.

ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು ನಾನು ಯಾರೆಂದು ವಿಚಾರಿಸಿಕೊಂಡರು. ಮೂರು ಮನೆ ಆಚೆ ಅವರದು. "ಅಂಗಾದ್ರೆ ನಮ್ ಮನೆ ಎಷ್ಟಾಗ್ಬೋದು ಕಣಮ್ಮ, ಸುಮ್ನೆ ಒಂದ್ ಮಾತು ಏಳು" ಎಂದರು.

"ನೋಡದೆ ಹೇಳಕ್ಕಾಗಲ್ಲ ತಾತ."

"ನೋಡೋಕೇನು, ಉಂಡ್ಮೇಲೆ ಬಾ."

ಕೈ ತೊಳೆದುಕೊಂಡು ಅವರ ಹಿಂದೆ ಮೆಟ್ಟಿಲಿಳಿದೆ. ಬಿಸಿಲು ಚುರುಕಾಗಿತ್ತು. ತಾತ ಬಾಗಿಲ ಬೀಗ ತೆಗೆದು, ನಾನು ಒಳಗೆ ಹೋಗಲೆಂದು ಪಕ್ಕಕ್ಕೆ ಸರಿದು ನಿಂತರು.