ಬೆಟ್ಟದ ದಾರಿಗೆ ಅಡ್ಡ ಗೋಡೆ

ಲೆಮಿಂಗ್ಟನ್ ಸ್ಪಾ ಎಂಬ ಇಂಗ್ಲಿಷ್ ಊರಿನ ವೀಡಿಯೋ ಗೇಮ್ ಸ್ಟುಡಿಯೋದಲ್ಲಿದ್ದಾಗ ನನ್ನ ಪಾಲಿಗೆ ಬಂದದ್ದು ಒಂದು ಊರು ಕಟ್ಟುವ ಕೆಲಸ. ಒಂಬೈನೂರು ವರ್ಷಕ್ಕೂ ಹಿಂದೆ ಸೆಲ್ಜುಕ್ ತುರ್ಕರು ಜಾರ್ಜಿಯಾ ಎಂಬ ಬೆಟ್ಟನಾಡಿನ ಮೇಲೆ ದಂಡೆತ್ತಿ ಬಂದ ಕತೆ ಆ ಆಟದ್ದು. ಆಡುವವನು ತುರ್ಕ ಸವಾರ. ನಾನು ಕಟ್ಟಿದ ಊರನ್ನು ಅವನು ಕೊಟ್ಟ ಸಮಯದೊಳಗೆ ಸುಡಬೇಕು. ಸುಡುವುದಕ್ಕೇ ಆದರೂ ಚೆನ್ನಾಗಿಯೇ ಕಟ್ಟಿದೆ. ಕಲ್ಲಿನ ಇಗರ್ಜಿ, ದ್ರಾಕ್ಷಿ ಚಪ್ಪರ, ವೈನ್ ತುಂಬಿ ನೆಲದಲ್ಲಿ ಹೂತಿಡುವ ಮಣ್ಣಿನ ಗುಡಾಣಗಳು.

ಓದುತ್ತಾ ಹೋದಂತೆ ತಿಳಿದದ್ದು ಬೇರೆಯೇ. ಆ ದಂಡು ಕೊಳ್ಳೆ ಹೊಡೆದು ಹೊರಟುಬಿಡುತ್ತಿರಲಿಲ್ಲ. ಹೆಂಡಿರು ಮಕ್ಕಳು, ಕುರಿ, ಡೇರೆ ಸಮೇತ ಬಂದು ಚಳಿಗಾಲವಿಡೀ ಹೊಳೆದಂಡೆಯಲ್ಲಿ ಠಿಕಾಣಿ ಹೂಡುತ್ತಿತ್ತು. ಊರಿನವರು ಬೆಟ್ಟ ಹತ್ತಿ ಹಿಮದಲ್ಲಿ ಹಸಿದು ಕಾಯುತ್ತಿದ್ದರು. ಹಾಗಾಗಿ ನನ್ನ ಊರಿನ ಹಿಂದೆ ಬೆಟ್ಟಕ್ಕೊಂದು ದಾರಿ ಮಾಡಿದೆ. ಸವಾರ ತಡಮಾಡಿದರೆ ಜನ ಅದರಲ್ಲಿ ತಪ್ಪಿಸಿಕೊಳ್ಳಬಹುದು. ಕೆಲವರಾದರೂ ಬದುಕಲಿ ಎಂಬುದು ನನ್ನ ಹಟ. ಅದಕ್ಕಾಗಿ ಶನಿವಾರ, ಭಾನುವಾರವೂ ಆಫೀಸಿಗೆ ಹೋದೆ.

"ಎಲ್ಲರೂ ಬೆಟ್ಟ ಹತ್ತಿದರೆ ಆಡುವವನಿಗೆ ಬೋರ್ ಆಗುತ್ತೆ," ಎಂದ ನಮ್ಮ ಬಾಸ್, ಬಿಡುಗಡೆಗೆ ಸ್ವಲ್ಪ ಮುಂಚೆ, ಬಿಸ್ಕತ್ತು ಕಡಿಯುತ್ತಾ. ದಾರಿಯ ಬಾಯಿಗೆ ಕಣ್ಣಿಗೆ ಕಾಣದ ಗೋಡೆಯೊಂದನ್ನು ಹಾಕಿಸಿದ. ಆದರೆ ಓಡಿ ಎಂದು ನಾನು ಜನರಿಗೆ ಕಲಿಸಿದ್ದು ಹಾಗೇ ಉಳಿಯಿತು. ದಂಡು ಬಂದೊಡನೆ ಅವರು ಬಂದು ಆ ಗೋಡೆಗೆ ಒತ್ತಿಕೊಂಡು, ಒಬ್ಬರ ಮೇಲೊಬ್ಬರು ರಾಶಿಯಾಗಿ, ನಿಂತಲ್ಲೇ ಓಡುತ್ತಿದ್ದರು. ಆಡುವವರಿಗೆ ಅದೇ ದೊಡ್ಡ ತಮಾಷೆ. ವೀಡಿಯೋ ಮಾಡಿ ಊರೆಲ್ಲ ಹಂಚಿದರು. ಸರಿಮಾಡಲು ಬಿಡಿ ಎಂದು ಬಾಸ್ ಮುಂದೆ ಅಂಗಲಾಚಿದೆ. ಅದರಿಂದಲೇ ಆಟ ಓಡುತ್ತಿದೆ, ಮುಟ್ಟಬೇಡ ಎಂದ. ಅವನ ಮುಖಕ್ಕೆ ಚಹಾ ಎರಚಬೇಕು ಅನ್ನಿಸಿತು. ಮನೆಯ ಮಾರ್ಟ್‌ಗೇಜ್ ನೆನಪಾಗಿ ನಾನೇ ಕುಡಿದೆ.

ಆ ದೀಪಾವಳಿಗೆ ಎಜ್‌ಬಾಸ್ಟನ್ನಿನ ಡಾಕ್ಟರೊಬ್ಬರ ಮನೆಯಲ್ಲಿ ನಾವು ಕನ್ನಡದವರೆಲ್ಲ ಸೇರಿದ್ದೆವು. ಊಟವಾದ ಮೇಲೆ ಡಾಕ್ಟರು ದೊಡ್ಡ ಟೀವಿಯಲ್ಲಿ ಅದೇ ಆಟ ಹಾಕಿದರು. ನನಗೆ ಗೌರವವಂತೆ! ಜನ ಬಂದು ಗೋಡೆಗೆ ಒತ್ತಿಕೊಂಡಾಗ ಕೋಡುಬಳೆ ಮುರಿಯುತ್ತಾ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನೋಡ್ರೀ, ನಮ್ ಹುಡುಗಿ ಮಾಡಿರೋದು ಇದು! ಏನ್ ಕಾಮಿಡಿ ಇಟ್ಟಿದ್ದಾಳೆ!" ಎನ್ನುತ್ತಾ ಡಾಕ್ಟರು ಕಂಟ್ರೋಲರನ್ನು ನನ್ನ ಕೈಗೆ ತುರುಕಿದರು. "ತಗೋಮ್ಮ, ನೀನೇ ಮುಗಿಸು."

ನಾನು ಕುದುರೆಯನ್ನು ತಿರುಗಿಸಿದೆ. ಇಗರ್ಜಿ ದಾಟಿ, ದ್ರಾಕ್ಷಿ ಚಪ್ಪರ ದಾಟಿ, ಹೊಳೆಯ ಹತ್ತಿರ ಒಯ್ದು ನಿಲ್ಲಿಸಿದೆ. ತಿರುಗಿ ನೋಡಿದರೆ ಅವರು ಇನ್ನೂ ಗೋಡೆಗೆ ಒತ್ತಿಕೊಂಡೇ ಇದ್ದರು. ಅಟ್ಟಿಸಿಕೊಂಡು ಹೋಗುವವರು ಯಾರೂ ಇರಲಿಲ್ಲ, ಆದರೂ ಓಡುತ್ತಲೇ ಇದ್ದರು. ಸಮಯ ಮುಗಿದು ಪರದೆ ಕೆಂಪಾಯಿತು. ನಾನು ಸೋತಿದ್ದೆ.

"ಅಯ್ಯೋ, ನಿಂದೇ ಗೇಮು, ನಿಂಗೇ ಆಡೋಕೆ ಬರಲ್ವಾ?" ಎಂದರು ಡಾಕ್ಟರು.

ಮತ್ತೆ ಎಲ್ಲರೂ ನಕ್ಕರು. ಯಾರೋ ನನ್ನ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು ಊರನ್ನು ಮೊದಲಿನಿಂದ ಸುಡಲು ಶುರುಮಾಡಿದರು.