ದೇರಣ್ಣನ ಪಟ ಹಿಂದೆ ಸರಿದದ್ದು

ಕಲ್ಲುಗುಂಡಿಯಲ್ಲಿ ದೇರಣ್ಣನ ಹೋಟೆಲಿಗೆ ಬೋರ್ಡೇ ಇರಲಿಲ್ಲ. ಮಡಿಕೇರಿಗೆ ಹತ್ತುವ ಲಾರಿಯವರು ಅದನ್ನು ‘ಟಕ್ ಟಕ್ ಹೋಟೆಲು’ ಎಂದು ಕರೆಯುತ್ತಿದ್ದರು. ಆ ಸದ್ದು ಅಡುಗೆಮನೆಯಲ್ಲಿದ್ದ ಅವನ ಹೆಂಡತಿ ದೇವಮ್ಮನದು. ಬನ್ಸ್ ಬೆಂದಿರಲಿ, ಸೌದೆ ಮುಗಿದಿರಲಿ, ಗಂಡ ಬೇಕೆಂದಾಗ ಅವಳು ಸಾಂಬಾರಿನ ಪಾತ್ರೆಯ ಅಂಚಿಗೆ ಸೌಟಿನಿಂದ ಬಡಿಯುತ್ತಿದ್ದಳು. ಎರಡು ಬೇಗ ಬೇಗ, ಸ್ವಲ್ಪ ತಡೆದು ಇನ್ನೊಂದು. ಗಲ್ಲೆಯಲ್ಲಿ ಕುಳಿತ ದೇರಣ್ಣ ಚಿಲ್ಲರೆ ಕೊಡುತ್ತಿದ್ದವನು ಅಲ್ಲಿಂದಲೇ “ಬಂದೆ” ಎನ್ನುತ್ತಿದ್ದ.

ಸಂಸಾರ ಶುರುವಾದಂದಿನಿಂದ ಅವಳು ಗಂಡನ ಹೆಸರು ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಸ್ಸು ಸವೆಯುತ್ತದೆಂದು ಅವಳ ಅವ್ವ ಕಲಿಸಿಕೊಟ್ಟಿದ್ದಳು. ಮಗಳು ಭವಿತಾಳನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ತಂದೆಯ ಹೆಸರು ಕೇಳಿದರೆ, ದೇವಮ್ಮ ಕಿಟಕಿಯಾಚೆ ಹಲಸಿನ ಮರದಡಿ ಬೀಡಿ ಸೇದುತ್ತಿದ್ದವನತ್ತ ಬೆರಳು ತೋರಿಸಿದ್ದಳಂತೆ. “ಮಾಸ್ತ್ರು ಎಂತ ಬರೆಯುದು? ಹಲಸಿನ ಮರ ಅಂತ ಬರೆಯುದಾ?” ಎಂದು ದೇರಣ್ಣ ಇದನ್ನು ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದ. ಒಳಗಿನಿಂದ ಸೌಟು ಸಿಟ್ಟಿನಿಂದ ಬಡಿಯುತ್ತಿತ್ತು. ಹೇಳಿ ಹೇಳಿ ಆ ಕಥೆ ಬರೀ ತಮಾಷೆಯಾಗಿ, ಅದರೊಳಗೆ ಹೆಂಡತಿಯ ಒಂದು ಹಠವಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಕೂಡಿ ಬಾಳುವವರ ಪಾಡೇ ಹಾಗೆ. ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ.

ಕಳೆದ ನಾಗರಪಂಚಮಿಯ ಮರುದಿನ ದೇವಮ್ಮ ಒಲೆಯೆದುರು ಕುಸಿದಳು. ಬಲಗಡೆ ಪೂರ್ತಿ ಹೋಯಿತು. ಮಾತೂ ಹೋಯಿತು. ಸುಳ್ಯದ ಡಾಕ್ಟರು, “ಎಲ್ಲ ಅರ್ಥ ಆಗ್ತದೆ ಅವರಿಗೆ. ತಲೆಯೊಳಗೆ ಮಾತು ಉಂಟು, ಬಾಯಿಗೆ ಬರುದಿಲ್ಲ ಅಷ್ಟೆ” ಎಂದರು. ಅಷ್ಟೆ ಅನ್ನುವುದು ಡಾಕ್ಟರಿಗೆ ಸುಲಭ.

ಪುತ್ತೂರಿನಲ್ಲಿ ನರ್ಸ್ ಆಗಿದ್ದ ಭವಿತಾ ಒಂದು ದಿನ ಪ್ರಣೀತಾ ಎಂಬ ಹುಡುಗಿಯನ್ನು ಕರೆತಂದಳು. ಮಾತು ಹೋದವರಿಗಾಗಿ ಮಾತಾಡುವ ಟ್ಯಾಬ್ ಮಾಡುವವಳು. ಚಿತ್ರ ಒತ್ತಿದರೆ ಅದು ಮಾತಾಡುತ್ತದೆ.

“ಇದು ಬರೀ ಚಿತ್ರ ಅಲ್ಲ ಅಂಕಲ್” ಎಂದಳು ಪ್ರಣೀತಾ. “ಒಳಗೆ ಅರ್ಥದ ಒಂದು ಬಲೆ ಉಂಟು. ಚಾ ಅಂದ್ರೆ ಕುಡಿಯುದು, ಕುಡಿಯುದಕ್ಕೂ ಬಾಯಾರಿಕೆಗೂ ಸಂಬಂಧ, ಚಾಕ್ಕೂ ಬೆಳಿಗ್ಗೆಗೂ ಸಂಬಂಧ, ಹೀಗೆ ಯಾವುದಕ್ಕೆ ಯಾವುದು ಅಂತ ಇದಕ್ಕೆ ಗೊತ್ತುಂಟು. ಹೊತ್ತು ನೋಡಿ, ಹತ್ತಿರ ಯಾರಿದ್ದಾರೆ ನೋಡಿ ಪರದೆ ತಾನೇ ಬದಲಾಗ್ತದೆ. ಆಂಟಿ ಹೆಚ್ಚು ಒತ್ತಿದ್ದು ದೊಡ್ಡದಾಗಿ ಮುಂದೆ ಬರ್ತದೆ.”

“ಒತ್ತದ್ದು?”

“ಸಣ್ಣದಾಗಿ ಹಿಂದೆ ಹೋಗ್ತದೆ. ಒಂದು ಬೆರಳಿನಲ್ಲಿ ಅಷ್ಟು ಚಿತ್ರದ ನಡುವೆ ಹುಡುಕುದು ಕಷ್ಟ ಅಲ್ವಾ? ಅವರಿಗೆ ಎಂತ ಬೇಕು ಅಂತ ಅದೇ ಕಲಿತುಕೊಳ್ತದೆ.”

ಪ್ರಣೀತಾ ಮನೆಯವರ ಪಟ ತೆಗೆದಳು. ಭವಿತಾಳದು, ಹೋಟೆಲಿನ ಅಡುಗೆಗೆ ಕೈಜೋಡಿಸಲು ಬರುತ್ತಿದ್ದ ನೆರೆಯ ಕದೀಜಮ್ಮನದು, ಕೊನೆಗೆ ದೇರಣ್ಣನದು. “ನಿಮ್ಮ ಹೆಸರು ಅಂಕಲ್?” ಎಂದು ಕೇಳಿ ಪಟದ ಕೆಳಗೆ ಬರೆದಳು. ಸರಿಯಿದೆಯೇ ಎಂದು ಒತ್ತಿ ನೋಡಿದಳು. “ದೇರಣ್ಣ” ಎಂದಿತು ಟ್ಯಾಬ್, ಸ್ಪಷ್ಟವಾಗಿ, ಬಸ್‌ಸ್ಟ್ಯಾಂಡಿನಲ್ಲಿ ಮೈಕಿನಲ್ಲಿ ಕೂಗಿದ ಹಾಗೆ. ದೇವಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಪಾಪ, ಆಯಾಸವಾಯಿತು ಅಂದುಕೊಂಡ ದೇರಣ್ಣ.

ದೇವಮ್ಮ ಬೇಗ ಕಲಿತಳು. ಎಡಗೈಯ ಬೆರಳಿನಲ್ಲಿ ಚಾ ಕೇಳಿದಳು, ಬೆನ್ನುನೋವು ಹೇಳಿದಳು, ಫ್ಯಾನ್ ನಿಲ್ಲಿಸಿದಳು. ಸ್ನಾನಕ್ಕೆ, ಬಟ್ಟೆ ಬದಲಿಸುವುದಕ್ಕೆ ಕದೀಜಮ್ಮನ ಪಟ ಒತ್ತಿದಳು. ಬರಬರುತ್ತ ಬೆಳಗಾದರೆ ಅರ್ಧ ಪರದೆ ತುಂಬ ಕದೀಜಮ್ಮನೇ. ಭಾನುವಾರ ಭವಿತಾ ಹೊಸ್ತಿಲು ದಾಟುತ್ತಿದ್ದ ಹಾಗೆ ಅವಳ ಪಟ ತಾನೇ ಎದ್ದು ಮುಂದೆ ಬರುತ್ತಿತ್ತು. ದೇರಣ್ಣನ ಪಟ ಮಾತ್ರ ದಿನದಿನಕ್ಕೆ ಸಣ್ಣದಾಯಿತು. ಮೊದಲು ಮೂಲೆಗೆ ಸರಿಯಿತು, ಆಮೇಲೆ ಎರಡನೇ ಪುಟಕ್ಕೆ. ಒಂದು ದಿನ ಹುಡುಕಿದರೆ ಅಲ್ಲಿಯೂ ಇಲ್ಲ.

ಆ ಪುಟ್ಟ ಚೌಕವನ್ನು ಹೆಂಡತಿ ಒಮ್ಮೆ ಒತ್ತಲಿ ಎಂದು ಆ ಮನುಷ್ಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಅವನಿಗೆ ಬೇಕಿದ್ದದ್ದು ಅದೊಂದೇ. ತನ್ನನ್ನು ಅವಳು ಕರೆಯಬೇಕು. ಗಡ್ಡ ಹೆರೆದು, ತೊಳೆದ ಅಂಗಿ ಹಾಕಿ ಮಂಚದ ಪಕ್ಕ ಕೂರುತ್ತಿದ್ದ. ಪಟ ಇನ್ನೂ ಮೂಲೆಯಲ್ಲಿದ್ದಾಗ ನಾಚಿಕೆ ಬಿಟ್ಟು ಬೇಡಿದ್ದೂ ಉಂಟು: “ಒಂದು ಸಲ ಒತ್ತು ಮಾರಾಯ್ತಿ. ನಾನು ಯಾರು ಅಂತ ಗೊತ್ತುಂಟಲ್ಲ ನಿಂಗೆ?”

ದೇವಮ್ಮ ಅವನನ್ನೇ ನೋಡಿದಳು. ಕಣ್ಣು ತುಂಬಿತು. ಇಲ್ಲ ಎಂಬಂತೆ ತಲೆ ಆಡಿಸಿ, ಬೆರಳನ್ನು ಪರದೆಯಿಂದಾಚೆ ತಂದು ಟ್ಯಾಬಿನ ಅಂಚಿಗೆ ಬಡಿಯತೊಡಗಿದಳು. ಕೈ ನಡುಗಬಹುದೆಂದು ವ್ಯಾಯಾಮ ಮಾಡಿಸಲು ಬರುವವರು ಮೊದಲೇ ಹೇಳಿದ್ದರು. ದೇರಣ್ಣನ ಕಣ್ಣು ಪರದೆಯ ಮೇಲಿತ್ತು. ಚೌಕದ ಹೊರಗೆ ಬಿದ್ದ ಬೆರಳನ್ನು ಆ ಟ್ಯಾಬು ಲೆಕ್ಕಕ್ಕೆ ಹಿಡಿಯಲಿಲ್ಲ, ಇವನೂ ಹಿಡಿಯಲಿಲ್ಲ.

ಅವನ ಮನಸ್ಸು ಮುರಿಯಿತು. ಅವಳಿಗೆ ಬೇಕಾದ್ದನ್ನು ಅದು ಕಲಿಯುತ್ತದೆಂದು ಆ ಹುಡುಗಿಯೇ ಹೇಳಿದ್ದಳಲ್ಲ? ಹಾಗಾದರೆ ಅದು ಕಲಿತದ್ದು ಇದನ್ನೇ. ಇಷ್ಟು ವರ್ಷ ಹೊಗೆಯಲ್ಲಿ ಬೇಯಿಸಿದ್ದಕ್ಕೆ, ಒಂದು ದಿನವೂ ಹೋಟೆಲು ಮುಚ್ಚಿ ಎಲ್ಲಿಗೂ ಕರೆದೊಯ್ಯದ್ದಕ್ಕೆ ಅವಳ ಎದೆಯಲ್ಲಿ ನನಗೆ ಜಾಗ ಉಳಿದಿಲ್ಲ ಎಂದು ತೀರ್ಮಾನಿಸಿಬಿಟ್ಟ. ಯಾರನ್ನೂ ಕೇಳಲಿಲ್ಲ. ಹೆಂಡತಿಗೆ ನಾನು ಬೇಡವಾದೆನೇ ಎಂದು ಯಾವ ಗಂಡಸು ಇನ್ನೊಬ್ಬರ ಹತ್ತಿರ ಕೇಳಿಯಾನು? ಗಂಜಿ ತಿನ್ನಿಸುವ ಕೆಲಸವನ್ನೂ ಕದೀಜಮ್ಮನಿಗೆ ಬಿಟ್ಟು, ಗಿರಾಕಿ ಇಲ್ಲದಿದ್ದರೂ ಗಲ್ಲೆಯಲ್ಲೇ ಕೂರತೊಡಗಿದ.

ಬಡಿತ ಮಾತ್ರ ನಿಲ್ಲಲಿಲ್ಲ. ಬೆರಳ ತುದಿ ಕೆಂಪಾಗಿ ಊದಿತು. ಸಿಟ್ಟಿದ್ದರೂ ಅವನಿಗದು ನೋಡಲಾಗಲಿಲ್ಲ. ಒಂದು ಸಂಜೆ ಮೈ ಒರೆಸುವ ತನ್ನ ಬೈರಾಸು ತಂದು ಟ್ಯಾಬಿನ ಅಂಚಿಗೆಲ್ಲ ಸುತ್ತಿದ. “ಬೆರಳು ನೋವಾಗ್ತದೆ ದೇವೂ, ಬಡಿಬೇಡ” ಎಂದ. ಅವಳು ಬೈರಾಸಿನ ಮೇಲೆ ಬಡಿದಳು. ಸದ್ದು ಬರಲಿಲ್ಲ. ಇನ್ನೊಮ್ಮೆ ಬಡಿದು ಅವನ ಮುಖ ನೋಡಿದಳು. ಆಮೇಲೆ ಕೈಯನ್ನು ಹೊದಿಕೆಯ ಮೇಲೆ ಇಟ್ಟುಕೊಂಡಳು. ಅಲ್ಲಿಂದ ಮುಂದೆ ಅವಳು ಬಡಿಯಲಿಲ್ಲ. ಸದ್ಯ, ಬೆರಳಿಗೆ ಸುಖವಾಯಿತು ಎಂದುಕೊಂಡ ಅವನು.

ಆ ವಾರ ಮುಗಿಯುವುದರೊಳಗೆ, ದೇರಣ್ಣ ಹೊರಗೆ ಬಸ್ಸಿನವರಿಗೆ ಚಾ ಕೊಡುತ್ತಿದ್ದಾಗ, ದೇವಮ್ಮ ಕದೀಜಮ್ಮನ ಕೈಯಲ್ಲೇ ಜೀವ ಬಿಟ್ಟಳು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಪ್ರಣೀತಾ ಮಾತಾಡಿಸಲು ಬಂದಳು. ಹೋಟೆಲು ಇನ್ನೂ ತೆರೆದಿರಲಿಲ್ಲ. ದೇರಣ್ಣ ಟ್ಯಾಬ್ ತಂದು ಮೇಜಿನ ಮೇಲಿಟ್ಟ. ಅವಳು ಬೈರಾಸು ಬಿಚ್ಚಿ ತೆರೆದು ನೋಡಿ ಬೆಚ್ಚಿದಳು.

“ಇದೆಂತ ಅಂಕಲ್, ನಿಮ್ಮ ಪಟವೇ ಇಲ್ವಲ್ಲ? ಆಂಟಿ ಒಂದು ಸಲವೂ ಒತ್ತಿಲ್ವಾ?”

“ಅವಳಿಗೆ ನಾನು ಬೇಡ ಇದ್ದೆ” ಎಂದ ದೇರಣ್ಣ. ಆ ಮಾತು ಬಾಯಿಂದ ಹೊರಬಂದದ್ದು ಅದೇ ಮೊದಲು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕದೀಜಮ್ಮನಿಗೆ ತಡೆಯಲಾಗಲಿಲ್ಲ. “ಎಂತ ಹೇಳುದು ನೀವು? ಒತ್ತಿದ್ರೆ ಅದು ನಿಮ್ಮ ಹೆಸರು ಹೇಳ್ತದಲ್ಲ ದೇರಣ್ಣ! ಅಕ್ಕ ಹೇಗೆ ಒತ್ತುದು? ನಾನೊಮ್ಮೆ ಬೆರಳು ಹಿಡಿದು ಒತ್ತಿಸ್ಲಿಕ್ಕೆ ನೋಡಿದೆ, ಕೈ ಎಳೆದುಕೊಂಡ್ರು. ನಿಮಗೆ ಗೊತ್ತುಂಟು ಅಂತ ನಾನು ಎಣಿಸಿದ್ದೆ.”

ಪ್ರಣೀತಾಳ ಮುಖ ಸಣ್ಣದಾಯಿತು. “ನಾನು ಹೆಸರು ಮಾತ್ರ ಕೇಳಿದೆ ಅಂಕಲ್. ಅವರು ನಿಮ್ಮನ್ನು ಎಂತ ಅಂತ ಕರೀತಾರೆ ಅಂತ ಕೇಳ್ಬೇಕಿತ್ತು. ಎಂತ ಅಂತ ಕರೀತಿದ್ರು?”

“ಎಂತದೂ ಇಲ್ಲ” ಎಂದ ದೇರಣ್ಣ. “ಬಾಯಿ ಬಿಟ್ಟು ಕರೀತಲೇ ಇರ್ಲಿಲ್ಲ. ಒಳಗಿಂದ ಸೌಟಿನಲ್ಲಿ ಹೀಗೆ…”

ಹೀಗೆ ಎಂದು ತೋರಿಸಲು ಎದುರಿಗಿದ್ದ ಟ್ಯಾಬಿನ ಅಂಚಿಗೆ ಬೆರಳಿನಿಂದ ಬಡಿದ. ಎರಡು ಬೇಗ ಬೇಗ. ಸ್ವಲ್ಪ ತಡೆದು ಇನ್ನೊಂದು.

ಬೆರಳು ಅಲ್ಲೇ ನಿಂತಿತು.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಉರಿದ ಒಲೆ ಯಾರನ್ನು ಸುಡುತ್ತದೆಂದು ಗಾದೆ ಕಟ್ಟಿದವರು ಹೇಳಲಿಲ್ಲ. ದಿನವಿಡೀ ಕರೆದಿದ್ದಳು. ಬೆರಳು ಊದುವ ತನಕ ಅವನನ್ನೇ ಕರೆದಿದ್ದಳು. ಮಾರುದೂರದಲ್ಲಿ ಕುಳಿತು ಅವನು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಆ ಕರೆಗೆ ತನ್ನ ಕೈಯಾರೆ ಬಟ್ಟೆ ಸುತ್ತಿದ್ದ.

ದೇರಣ್ಣ ಮೇಜಿನ ಮೇಲಿದ್ದ ಬೈರಾಸನ್ನು ಎತ್ತಿ ಎದೆಗೆ ಒತ್ತಿಕೊಂಡ. ಎದ್ದು ನಿಂತ.

“ಬಂದೆ” ಎಂದ. “ಬಂದೆ ದೇವೂ, ಬಂದೆ.”

ಅವನು ಅಡುಗೆಮನೆಯ ಕಡೆಗೆ ನಡೆದ. ಬಾಗಿಲಲ್ಲಿದ್ದ ಕದೀಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.